ಐವತ್ತೇಳನೆಯವರು ಮತ್ತು ಅರ್ಧಕ್ಕೇ ನಿಂತವರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಮೊನ್ನೆ ಫೋನಿನಲ್ಲಿ ಏನಾಯಿತೆಂಬುದು ನಮ್ಮಿಬ್ಬರಿಗೂ ಗೊತ್ತಿದೆ. ಅದನ್ನು ಮತ್ತೆ ಬರೆದು ನಿನ್ನನ್ನು ಕೆರಳಿಸುವ ಉದ್ದೇಶ ನನಗಿಲ್ಲ. ನೀನು ಫೋನ್ ಇಟ್ಟ ಮೇಲೆ ನಿನ್ನ ಅಮ್ಮ, "ಮಾತಿಗೆ ಕೂತರೆ ಅಪ್ಪ ಮಗಳು ಇಬ್ಬರೂ ಸೋಲುವವರಲ್ಲ, ಹೇಳುವುದನ್ನು ಬರೆದು ಕಳುಹಿಸಿ" ಎಂದಳು. ಅದಕ್ಕೇ ಈ ಪತ್ರ. ಕಾಲಿನ ನೋವು ಹೋಗದಿದ್ದರೂ ಭಾನುವಾರದ ಮ್ಯಾರಥಾನ್ ಓಡಿಯೇ ತೀರುತ್ತೇನೆಂಬ ಹಟಕ್ಕೆ ನೀನು ಕೊಟ್ಟ ಸಮರ್ಥನೆ ಒಂದು ಹೆಸರು ಮಾತ್ರ: ಪೆಟ್ಟಾದ ಕಾಲಿನಲ್ಲೇ ಒಲಿಂಪಿಕ್ ಮ್ಯಾರಥಾನನ್ನು ಮುಗಿಸಿದ ಜಾನ್ ಸ್ಟೀಫನ್ ಅಖ್ವಾರಿ. "ಯಾರದೋ ಕಥೆ ನಿನ್ನ ಕಾಲಿಗೆ ಆಧಾರವೇ?" ಎಂದು ನಾನು ಕೇಳಿದೆ. ಕೇಳಿದ ರೀತಿ ಒರಟಾಗಿತ್ತು, ಅದಕ್ಕೆ ನನಗೆ ಬೇಸರವಿದೆ. ಪ್ರಶ್ನೆಯನ್ನು ಮಾತ್ರ ಹಿಂತೆಗೆದುಕೊಳ್ಳುತ್ತಿಲ್ಲ.

ಬೇರೆಯವರ ಕಥೆಗಳನ್ನು ನಾನು ಹಗುರವಾಗಿ ಕಂಡೆನೆಂದು ನೀನು ತಿಳಿದಿದ್ದರೆ ಅದು ಸರಿಯಲ್ಲ. ಓಟ ಮುಗಿಸಿ ಬಂದಾಗಲೆಲ್ಲ ನೀನು ನಿನ್ನ ಸಮಯದ ಬಗ್ಗೆ ಒಂದೇ ಮಾತು ಹೇಳಿ, ಉಳಿದ ಹೊತ್ತನ್ನೆಲ್ಲ ಜೊತೆಗೆ ಓಡಿದವರ ಬಗ್ಗೆ ಹೇಳುವುದಕ್ಕೆ ಬಳಸುತ್ತಿದ್ದೆ. ನಿನ್ನ ಓಟದಲ್ಲಿ ನನಗೆ ಮೊದಲು ಇಷ್ಟವಾದದ್ದೇ ಅದು. ಕುಡಿತ ಬಿಟ್ಟ ಮೇಲೆ ಸಂಜೆಗಳನ್ನು ಹೇಗೆ ಕಳೆಯುವುದೆಂದು ತಿಳಿಯದೆ ಓಡತೊಡಗಿದವರು, ಹೆರಿಗೆಯ ನಂತರ ತನ್ನ ದೇಹ ಮತ್ತೆ ತನ್ನದಾಗಬೇಕೆಂದು ಬಂದವರು, ತೀರಿಕೊಂಡ ಅಣ್ಣನ ಹೆಸರನ್ನು ಕಾಗದದ ಮೇಲೆ ಬರೆದು ಬೆನ್ನಿಗೆ ಪಿನ್ನು ಚುಚ್ಚಿಕೊಂಡು ಓಡಿದಾಕೆ. ಎದೆಗೇಕೆ ಹಾಕಿಕೊಳ್ಳಲಿಲ್ಲವೆಂದು ನಾನು ಕೇಳಿದಾಗ, ಓಟದಲ್ಲಿ ಒಬ್ಬರನ್ನು ಬಹಳ ಹೊತ್ತು ನೋಡುವವರು ಹಿಂದಿನಿಂದ ಬರುವವರೇ ಅಲ್ಲವೇ ಎಂದು ನೀನು ಹೇಳಿದ್ದೆ. ಆ ಹೆಸರನ್ನು ನೋಡುತ್ತ, ಆಕೆಯ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಕೊನೆಯ ಕಿಲೋಮೀಟರುಗಳನ್ನು ಮುಗಿಸಿದೆನೆಂದು ಹೇಳಿದ ದಿನ ನನಗೆ ನಿನ್ನ ಬಗ್ಗೆ ಹೆಮ್ಮೆಯಾಗಿತ್ತು. ಆಗ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ನನ್ನನ್ನು ಹೆಚ್ಚು ಸೆಳೆದವರು ಕಣ್ಣು ಕಾಣದ ಓಟಗಾರರ ಪಕ್ಕದಲ್ಲಿ, ಇಬ್ಬರ ಕೈಗಳನ್ನೂ ಕೂಡಿಸುವ ಒಂದು ಗಿಡ್ಡ ಹಗ್ಗವನ್ನು ಹಿಡಿದು ಓಡುವ ಮಾರ್ಗದರ್ಶಿಗಳು. ಪ್ಯಾರಾಲಿಂಪಿಕ್ಸ್ ನಿಯಮದಂತೆ ಅವರು ತಮ್ಮ ಓಟಗಾರರಿಗಿಂತ ಮೊದಲು ಗುರಿಯ ಗೆರೆಯನ್ನು ದಾಟುವಂತಿಲ್ಲ. ಓಟಗಾರನಷ್ಟೇ ಅಭ್ಯಾಸ ಮಾಡಿ, ತಿರುವನ್ನೂ ಏರನ್ನೂ ಹೇಳುತ್ತ ಓಡಿ, ಕೊನೆಗೆ ಅರ್ಧ ಹೆಜ್ಜೆ ಹಿಂದೆ ಉಳಿಯಬೇಕು. ಅವರ ಕಾರಣವೇನೆಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಈಗ ಅಖ್ವಾರಿಯವರ ವಿಷಯಕ್ಕೆ ಬರುತ್ತೇನೆ. 1968ರ ಅಕ್ಟೋಬರಿನಲ್ಲಿ, ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿರುವ ಮೆಕ್ಸಿಕೋ ನಗರದ ಒಲಿಂಪಿಕ್ ಮ್ಯಾರಥಾನಿನಲ್ಲಿ ತಾಂಜಾನಿಯಾದ ಅವರು ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು; ಬ್ಯಾಂಡೇಜು ಸುತ್ತಿಸಿಕೊಂಡು ಕುಂಟುತ್ತ, ಗೆದ್ದವರು ಬಂದು ಒಂದು ಗಂಟೆಗೂ ಹೆಚ್ಚು ಹೊತ್ತಾದ ಮೇಲೆ ಕ್ರೀಡಾಂಗಣವನ್ನು ಸೇರಿ, ಕೊನೆಯವರಾಗಿ, 57ನೆಯವರಾಗಿ ಓಟವನ್ನು ಮುಗಿಸಿದರು. ದೇಶ ತನ್ನನ್ನು ಅಷ್ಟು ದೂರ ಕಳುಹಿಸಿದ್ದು ಓಟವನ್ನು ಮುಗಿಸುವುದಕ್ಕೆ ಎಂಬ, ಅವರದೆಂದು ಪ್ರಸಿದ್ಧವಾದ ಮಾತನ್ನು ನೀನು ನನಗೆ ಹೇಳಿದ್ದೀಯೆ. ಆದರೆ ಆ ದಿನ ಹೊರಟವರು 75 ಮಂದಿ, ಮುಗಿಸಿದವರು 57. ನಡುವೆ ನಿಂತ 18 ಮಂದಿಯ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸಿಕೊಳ್ಳುವುದಿಲ್ಲ.

ಆ ಹದಿನೆಂಟರಲ್ಲಿ ಒಬ್ಬರು ಅಬೆಬೆ ಬಿಕಿಲ. 1960ರಲ್ಲಿ ರೋಮಿನ ಬೀದಿಗಳಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದವರು. 1964ರಲ್ಲಿ ಟೋಕಿಯೋದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದಾಗ ಮತ್ತೆ ಗೆದ್ದವರು. ನೋವಿಗೆ ಹೆದರುವವರೆಂದು ಅವರನ್ನು ಯಾರೂ ಹೇಳಲಾರರು. ಮೂರನೆಯ ಗೆಲುವಿಗಾಗಿ ಮೆಕ್ಸಿಕೋಗೆ ಬಂದಿದ್ದ ಅವರು ಕಾಲಿನ ಗಾಯದಿಂದಾಗಿ ಅರ್ಧ ದಾರಿಗೂ ಮುನ್ನವೇ ನಿಂತುಬಿಟ್ಟರು, ಮತ್ತು ಅಂದು ಗೆದ್ದವರು ಅವರದೇ ದೇಶ ಇಥಿಯೋಪಿಯಾದ ಮಾಮೊ ವೋಲ್ಡೆ. (ಶಸ್ತ್ರಚಿಕಿತ್ಸೆಯ ನಂತರವೂ ಓಡಲಿಲ್ಲವೇ ಎಂದು ನೀನು ಈಗ ಕೇಳುತ್ತೀಯೆಂದು ಬಲ್ಲೆ. ಓಡಿದರು. ಅಂಥವರೂ ನಾಲ್ಕು ವರ್ಷಗಳ ನಂತರ ನಿಂತರು ಎಂಬುದೇ ನನಗೆ ಮುಖ್ಯ.) ಅಖ್ವಾರಿಯವರೂ ತಮ್ಮ ದೇಶಕ್ಕಾಗಿ ಓಡುತ್ತಿದ್ದರು, ಬಿಕಿಲರೂ ತಮ್ಮ ದೇಶಕ್ಕಾಗಿ ಓಡುತ್ತಿದ್ದರು; ಒಂದೇ ರಸ್ತೆ, ಒಂದೇ ಬಗೆಯ ಕಾರಣ, ಆದರೂ ಇಬ್ಬರ ಕಾಲುಗಳು ಬೇರೆ ಬೇರೆ ತೀರ್ಪು ಕೊಟ್ಟವು. ಕಾರಣ ಸಾಕಷ್ಟು ದೊಡ್ಡದಾಗಿದ್ದರೆ ಕಾಲು ತಾನಾಗಿಯೇ ಮಾತು ಕೇಳುತ್ತದೆಂದು ನೀನು ನಂಬಿದಂತಿದೆ, ಮತ್ತು ಆ ನಂಬಿಕೆಯನ್ನು ಈ ಜನರೇ ನಿನಗೆ ಕೊಟ್ಟರೆಂದು ಭಾವಿಸಿದ್ದೀಯೆ. ಅವರು ಕೊಟ್ಟದ್ದು ಅದಲ್ಲವೆಂದು ನನ್ನ ವಾದ.

ನಿನ್ನ ಕಾಲಿನ ಸ್ಥಿತಿಯೂ ಅವರದಲ್ಲ. ಮೂಳೆ ಪ್ರತಿ ಹೆಜ್ಜೆಯ ಹೊಡೆತಕ್ಕೂ ಸ್ವಲ್ಪ ಸವೆದು, ಬಿಡುವು ಸಿಕ್ಕಾಗ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಬಿಡುವಿಲ್ಲದೆ ಓಟದ ದೂರ ಹೆಚ್ಚುತ್ತ ಹೋದರೆ ಕಟ್ಟುವ ಕೆಲಸ ಹಿಂದೆ ಬಿದ್ದು, ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡುತ್ತದೆ. ಸ್ನಾಯುವಿನ ನೋವು ಸಾಮಾನ್ಯವಾಗಿ ಕಾಲಿನುದ್ದಕ್ಕೂ ಹರಡಿಕೊಂಡಿರುತ್ತದೆ, ಮೈ ಬೆಚ್ಚಗಾದ ಮೇಲೆ ತಗ್ಗುವುದೂ ಉಂಟು. ಬಿರುಕಿನ ನೋವು ಒಂದೇ ಜಾಗದಲ್ಲಿ ನಿಲ್ಲುತ್ತದೆ, ಓಡಿದಷ್ಟೂ ಹೆಚ್ಚುತ್ತದೆ, ರಾತ್ರಿ ಮಲಗಿದಾಗಲೂ ಕಾಡುತ್ತದೆ. ನೀನು ಮೊಣಕಾಲಿನ ಕೆಳಗೆ ಬೆರಳಿಟ್ಟು "ಇಲ್ಲೇ" ಎಂದು ತೋರಿಸಿದ್ದನ್ನು ನಾನು ನೋಡಿದ್ದೇನೆ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ನೀನು ಹೇಳುತ್ತಿರುವೆ. ಆದರೆ ಮೊದಲ ಕೆಲವು ವಾರಗಳಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣಿಸದೇ ಇರುವುದು ಸಾಮಾನ್ಯ, ಅದನ್ನು ಬೇಗ ಹಿಡಿಯುವುದು ಎಂಆರ್‌ಐ. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ಅದರ ಮೇಲೆಯೇ 42 ಕಿಲೋಮೀಟರ್ ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ಭಾಷಣ ಮಾಡುವುದಿಲ್ಲವೆಂದು ನಿನ್ನ ಅಮ್ಮನಿಗೆ ಮಾತು ಕೊಟ್ಟು ಕುಳಿತವನು ನಾನು. ಆದರೂ ಇದಿಷ್ಟನ್ನು ಹೊಡೆದುಹಾಕಲು ಮನಸ್ಸಾಗುತ್ತಿಲ್ಲ.

ನಿಜ ಹೇಳಬೇಕೆಂದರೆ ನನ್ನ ಭಯ ಮೂಳೆಯದಷ್ಟೇ ಅಲ್ಲ. ಮಹಿಳೆಯರಿಗೆಂದು ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮ್ಯಾರಥಾನ್ ನಡೆದ 1984ರ ಲಾಸ್ ಏಂಜಲಿಸ್ ಓಟದ ಕೊನೆಯ ಸುತ್ತನ್ನು ನೀನು ನನಗೆ ತೋರಿಸಿದ್ದೆ. ಸ್ವಿಟ್ಜರ್‌ಲೆಂಡಿನ ಗ್ಯಾಬ್ರಿಯೆಲಾ ಆಂಡರ್ಸನ್-ಶೀಸ್, ವಯಸ್ಸು 39, ಬಿಸಿಲಿಗೆ ಬಸವಳಿದು, ಸೊಂಟದಿಂದ ಮೇಲೆ ಒಂದು ಬದಿಗೆ ಬಾಗಿ, ಒಂದು ಕೈ ಜೋತುಬಿದ್ದು, ಒಂದು ಕಾಲನ್ನು ಎಳೆಯುತ್ತ ಬರುತ್ತಾರೆ. ನೆರವಿಗೆ ಬಂದವರನ್ನು ಕೈಬೀಸಿ ದೂರ ಸರಿಸುತ್ತಾರೆ, ಮುಟ್ಟಿದರೆ ಓಟದಿಂದ ಅನರ್ಹರಾಗುತ್ತಾರೆಂಬ ಕಾರಣಕ್ಕೆ. ಆ ಒಂದೇ ಸುತ್ತಿಗೆ ಐದೂವರೆ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಇಡೀ ಕ್ರೀಡಾಂಗಣ ಎದ್ದುನಿಂತು ಚಪ್ಪಾಳೆ ತಟ್ಟುತ್ತಿರುತ್ತದೆ. ನೀನು ಕಣ್ಣೊರೆಸಿಕೊಂಡು "ನೋಡಿದಿರಾ ಅಪ್ಪ" ಎಂದೆ. ನಾನು ಬೇರೆಯೇ ಏನನ್ನೋ ನೋಡುತ್ತಿದ್ದೆ: ಆ ಚಪ್ಪಾಳೆ ತಟ್ಟುವವರ ನಡುವೆ ಆಕೆಯ ತಂದೆಯೋ ತಾಯಿಯೋ ಕುಳಿತಿದ್ದರೆ ಆ ಐದೂವರೆ ನಿಮಿಷದಲ್ಲಿ ಏನು ಮಾಡುತ್ತಿದ್ದರು? ಕೂಗಿ ನಿಲ್ಲಿಸುತ್ತಿದ್ದರೇ, ಅಥವಾ ನಿಲ್ಲಿಸಿದರೆ ಮಗಳು ಜೀವಮಾನವಿಡೀ ಕ್ಷಮಿಸಲಾರಳೆಂದು ಸುಮ್ಮನಿರುತ್ತಿದ್ದರೇ? ಅಂದಿನಿಂದ ನೀನು ಓಟಕ್ಕೆ ಹೊರಟಾಗಲೆಲ್ಲ ನನ್ನ ಕಣ್ಣೆದುರು ಬರುವುದು ಆ ಸುತ್ತು, ಆ ಜೋತುಬಿದ್ದ ಕೈ. ಮುಖ ಮಾತ್ರ ನಿನ್ನದು.

ಆಕೆ 37ನೆಯವರಾಗಿ ಮುಗಿಸಿ, ಅದೇ ದಿನ ಬೇಗನೆ ಚೇತರಿಸಿಕೊಂಡರು ಎಂಬುದು ನನಗೂ ಗೊತ್ತಿದೆ. ಆದರೆ ಆ ಚಿತ್ರವನ್ನು ಮತ್ತೊಮ್ಮೆ ನೋಡು, ಆಕೆಯನ್ನು ಬಿಟ್ಟು ಪಕ್ಕದಲ್ಲಿ ನಡೆಯುವವರನ್ನು ನೋಡು. ವೈದ್ಯಕೀಯ ಸಿಬ್ಬಂದಿ ಆಕೆಯ ಜೊತೆಜೊತೆಗೇ ಸಾಗುತ್ತಾರೆ. ಆಕೆ ಇನ್ನೂ ಬೆವರುತ್ತಿದ್ದಾರೆ, ಅಂದರೆ ದೇಹ ತನ್ನನ್ನು ತಂಪು ಮಾಡಿಕೊಳ್ಳುವ ಶಕ್ತಿಯನ್ನು ಇನ್ನೂ ಕಳೆದುಕೊಂಡಿಲ್ಲ ಎಂಬುದನ್ನು ಗಮನಿಸಿಯೇ ಅವರು ಆಕೆಯನ್ನು ಮುಂದುವರಿಯಲು ಬಿಟ್ಟದ್ದು. ಆಕೆಯ ಧೈರ್ಯದ ಪಕ್ಕದಲ್ಲಿ ಅವರ ಲೆಕ್ಕಾಚಾರವೂ ನಡೆಯುತ್ತಿತ್ತು. ಮೂವತ್ತನೆಯ ಕಿಲೋಮೀಟರಿನಲ್ಲಿ ನಿನ್ನ ಪಕ್ಕ ಹಾಗೆ ನೋಡಿಕೊಂಡು ನಡೆಯುವವರು ಯಾರಿರುತ್ತಾರೆ? ಮತ್ತೆ ಅದೇ ಸುತ್ತಿಗೆ ಬಂದು ನಿಂತೆ, ನೋಡು.

ನನ್ನ ವಾದಕ್ಕೆ ಸುಲಭವಾಗಿ ಬಗ್ಗದವರೂ ಇದ್ದಾರೆ. ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರಲ್ಲಿ ಕೃತಕ ಕಾಲಿನಲ್ಲಿ ಕೆನಡಾವನ್ನು ದಾಟಲು ಹೊರಟ ಟೆರ್ರಿ ಫಾಕ್ಸ್, 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದರು, ದಾರಿಯುದ್ದಕ್ಕೂ ನೋವನ್ನು ಬದಿಗಿಟ್ಟೇ ಓಡಿದರು. ಅವರು ನಿನ್ನ ಪಕ್ಷದವರೆಂದು ಒಪ್ಪುತ್ತೇನೆ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ಥಂಡರ್ ಬೇ ಎಂಬಲ್ಲಿ ಅವರೂ ನಿಲ್ಲಬೇಕಾಯಿತು, ಮರುವರ್ಷ 22ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಅವರ ಹೆಸರಿನಲ್ಲಿ 1981ರಿಂದ ನಡೆಯುತ್ತಿರುವ ಓಟದಲ್ಲಿ ಸ್ಪರ್ಧೆಯಿಲ್ಲ, ಗೆದ್ದವರೆಂಬವರಿಲ್ಲ; ನಡೆದರೂ ಸರಿ, ಗಾಲಿಕುರ್ಚಿಯಲ್ಲಿ ಬಂದರೂ ಸರಿ. ಅವರಿಂದ ಸ್ಫೂರ್ತಿ ಪಡೆದ ಲಕ್ಷಾಂತರ ಜನ ಎತ್ತಿಕೊಂಡದ್ದು ಅವರ ಕಾರಣವನ್ನು. ನೋವಿನಲ್ಲಿ ಅವರಿಗೆ ಸರಿಸಾಟಿಯಾಗಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಇಷ್ಟೆಲ್ಲ ಜನರ ಕಾರಣಗಳನ್ನು ನನಗೆ ಹೇಳಿದ ನೀನು ನಿನ್ನ ಕಾರಣವನ್ನು ಮಾತ್ರ ಹೇಳಿಲ್ಲ. ಅದು ದೊಡ್ಡದಾಗಿರಲೇಬೇಕೆಂದಿಲ್ಲ. ಬೆಳಗಿನ ಆ ಒಂದು ಗಂಟೆ ಯಾರ ಮಗಳೂ, ಯಾರ ಕೈಕೆಳಗಿನ ನೌಕರಳೂ ಆಗಿರದೆ ಇರಬಹುದೆಂಬುದಷ್ಟೇ ಕಾರಣವಾಗಿದ್ದರೂ ನಾನು ಒಪ್ಪುತ್ತೇನೆ, ಸ್ವಲ್ಪ ಬೇಸರಪಟ್ಟುಕೊಂಡೇ ಒಪ್ಪುತ್ತೇನೆ.

ಸದ್ಯಕ್ಕೆ ಕೇಳುವುದಿಷ್ಟು. ಬಿಬ್ (ಎದೆಗೆ ಹಾಕಿಕೊಳ್ಳುವ ಓಟದ ಸಂಖ್ಯೆ) ತೆಗೆದುಕೊಳ್ಳಲು ಹೋಗುವ ಮೊದಲು ಎಂಆರ್‌ಐ ಮಾಡಿಸು. ವರದಿ ನೋಡಿದ ವೈದ್ಯರು ಓಡಬಹುದೆಂದರೆ ನಾನು ಒಂದು ಮಾತೂ ಆಡದೆ ನಿನ್ನ ಚೀಲ ಹಿಡಿದು ನಿಲ್ಲುತ್ತೇನೆ. ಬೇಡವೆಂದರೆ, ಪ್ರವೇಶವನ್ನು ಮುಂದಿನ ವರ್ಷಕ್ಕೆ ವರ್ಗಾಯಿಸಿಕೊಡುವರೇ ಎಂದು ವಿಚಾರಿಸು, ಕೆಲವು ಓಟಗಳಲ್ಲಿ ಆ ಅವಕಾಶವಿರುತ್ತದೆ. ಮತ್ತು ಭಾನುವಾರ ನೀರು ಕೊಡುವ ಮೇಜಿಗೆ ಸ್ವಯಂಸೇವಕರು ಬೇಕಾಗಿದ್ದರೆ ನಮ್ಮಿಬ್ಬರ ಹೆಸರನ್ನೂ ಬರೆಸು. ಮೂವತ್ತನೆಯ ಕಿಲೋಮೀಟರಿನ ಆಚೆಗಿನ ಮೇಜಾದರೆ ಒಳ್ಳೆಯದು, ಅಲ್ಲಿ ನೀರು ಕೊಡುವವರು ಹೆಚ್ಚು ಬೇಕಾಗುತ್ತಾರೆ. ವರದಿ ಬಂದ ಕೂಡಲೇ ಫೋನ್ ಮಾಡು. ಅಮ್ಮನಿಗಲ್ಲ, ನನಗೇ ಮಾಡು.

ನಿನ್ನ
ಅಪ್ಪ