ಕೌಂಡಿನ್ಯ ಮನೆಯಳಿಯನಾಗಿ ಉಳಿದವನು: ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ,

ನಮಸ್ಕಾರಗಳು.

ರಸ್ತೆ, ಆಸ್ಪತ್ರೆ, ಅರಣ್ಯ ಅತಿಕ್ರಮಣ ಎಂದು ನಿಮಗೆ ದಿನವೂ ಪತ್ರಗಳು ಬರುತ್ತಿರಬೇಕು. ಇದು ವಿದೇಶಾಂಗ ನೀತಿಯ ಕುರಿತ ಪತ್ರ. ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಲ್ಲಿ ಕುಳಿತವನಿಗೆ ಅದರ ಉಸಾಬರಿ ಏಕೆ ಎಂದು ನಮ್ಮ ಮನೆಯಲ್ಲೇ ಕೇಳಿದ್ದಾರೆ. ಆದರೆ ದೆಹಲಿಯ ವಿದೇಶಾಂಗ ನೀತಿ ಈಚೆಗೆ ನಮ್ಮ ಅಂಗಳದಿಂದಲೇ ಹಡಗು ಹತ್ತುತ್ತಿದೆ. 2025ರ ಏಪ್ರಿಲ್ 5ರಂದು ಒಂಬತ್ತು ಮಿತ್ರರಾಷ್ಟ್ರಗಳ 44 ನಾವಿಕರನ್ನು ಕರೆದುಕೊಂಡು ಐಎನ್‌ಎಸ್ ಸುನಯನಾ ಹೊರಟದ್ದು ಕಾರವಾರದಿಂದ. ಅದೇ ವರ್ಷದ ಮೇ 21ರಂದು ‘ಕೌಂಡಿನ್ಯ’ ಎಂಬ ಹೊಲಿದ ಹಡಗು ನೌಕಾಪಡೆಯನ್ನು ಸೇರಿದ್ದೂ ಇಲ್ಲಿಯೇ.

ಆ ಹಡಗಿನ ಬಗ್ಗೆ ನನಗೆ ಅಪಾರ ಮೋಹವಿದೆ. ಐದನೆಯ ಶತಮಾನದ ಅಜಂತಾ ಚಿತ್ರವನ್ನು ನೋಡಿ ಕಟ್ಟಿದ್ದು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ರಾಳ ಮೆತ್ತಿದ್ದಾರೆ. ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ. 2025ರ ಡಿಸೆಂಬರ್ 29ರಂದು ಪೋರಬಂದರದಿಂದ ಹೊರಟು, ಬರಿಯ ಗಾಳಿಯನ್ನು ನಂಬಿ, ಜನವರಿಯಲ್ಲಿ ಮಸ್ಕತ್ ಮುಟ್ಟಿತು. ನಮ್ಮ ನಾಗರಿಕತೆ ಹೊರಗಿನವರೊಡನೆ ಮಾತಾಡುವಾಗ ಇಂಥ ಹಡಗು ನೂರು ಭಾಷಣಗಳ ಕೆಲಸ ಮಾಡುತ್ತದೆ.

ನನ್ನ ತಕರಾರು ಆ ಭಾಷಣಗಳ ಮೇಲೆ. ಕೌಂಡಿನ್ಯ ಯಾರು ಎಂದು ಹೇಳುವಾಗ, ಭಾರತದ ಸಂಸ್ಕೃತಿಯನ್ನು ಆಗ್ನೇಯ ಏಷ್ಯಾಕ್ಕೆ ಕೊಂಡೊಯ್ದವನು ಎಂಬಲ್ಲಿಗೆ ನಮ್ಮವರ ಮಾತು ಮುಗಿಯುತ್ತದೆ. ಆದರೆ ನಾವು ಆತನನ್ನು ಮರೆತೇಬಿಟ್ಟಿದ್ದೆವು. ಅವನ ಕಥೆ ಉಳಿದದ್ದು ಚೀನೀ ದಾಖಲೆಗಳಲ್ಲಿ, ಇಂದಿನ ವಿಯೆಟ್ನಾಮಿನಲ್ಲಿರುವ ಏಳನೆಯ ಶತಮಾನದ ಮಿ ಸೋನ್ ಶಾಸನದಲ್ಲಿ, ಕಾಂಬೋಡಿಯಾದ ಜನರ ಬಾಯಲ್ಲಿ. ಬಂದವನು ಅಲ್ಲಿನ ರಾಣಿಯ ದೋಣಿಗೆ ಬಾಣ ಬಿಟ್ಟ ಎಂದು ಚೀನೀ ಪಾಠ ಹೇಳುತ್ತದೆ. ನಾಗಕನ್ಯೆ ಸೋಮೆಯನ್ನು ವರಿಸಿದ ಎಂದು ಶಾಸನ ಹೇಳುತ್ತದೆ. ಎರಡರಲ್ಲೂ ಅವನು ಮದುವೆಯಾಗಿ ಅಲ್ಲಿಯೇ ನಿಂತ. ಇಂದಿಗೂ ಖ್ಮೇರ್ ಮದುವೆಗಳಲ್ಲಿ ವರ ವಧುವಿನ ಉಡುಗೆಯ ತುದಿಯನ್ನು ಹಿಡಿದು ಅವಳ ಹಿಂದೆ ನಡೆಯುವ ಶಾಸ್ತ್ರವಿದೆ. ನಾಗಕನ್ಯೆಯ ಬಾಲ ಹಿಡಿದು ನಾಗಲೋಕಕ್ಕೆ ಇಳಿದ ವರನ ನೆನಪು ಅದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆತ ಮನೆಯಳಿಯ. ಮನೆಯಳಿಯನನ್ನು ಜಗದ್ಗುರು ಎಂದು ಪರಿಚಯಿಸಿದರೆ ಹೆಣ್ಣಿನ ಕಡೆಯವರಿಗೆ ಹೇಗಾದೀತು?

ನಾನು ನಾಗರಿಕತೆಯ ಮಾತನ್ನೇ ಬಿಡಿ ಎನ್ನುವವನಲ್ಲ. 2024ರಲ್ಲಿ ಬುದ್ಧನ ಧಾತುಗಳು, ಎಂದರೆ ಪವಿತ್ರ ಅವಶೇಷಗಳು, ಥಾಯ್ಲೆಂಡಿಗೆ ಹೋದಾಗ ಲಕ್ಷಾಂತರ ಜನ ಸಾಲುಗಟ್ಟಿ ಕೈಮುಗಿದರು. ಅಂಥ ಗೌರವವನ್ನು ಯಾವ ವ್ಯಾಪಾರ ಒಪ್ಪಂದವೂ ತರಲಾರದು. ಆದರೆ ಅದೇ ನಾಗರಿಕತೆಯನ್ನು ನೆರೆಯವರ ಮುಂದೆ ನಾವು ಬೇರೆ ದನಿಯಲ್ಲಿ ಹೇಳುತ್ತೇವೆ. ನೀವು ಅಧಿವೇಶನಕ್ಕೆ ಹೋಗುವ ಹೊಸ ಸಂಸತ್ ಭವನದ ಗೋಡೆಯಲ್ಲಿ ಒಂದು ಭೂಪಟವಿದೆ. 2023ರಲ್ಲಿ ಭವನ ಉದ್ಘಾಟನೆಯಾದಾಗ ನಮ್ಮದೇ ರಾಜ್ಯದ ಕೇಂದ್ರ ಸಚಿವರೊಬ್ಬರು ಅದನ್ನು ಅಖಂಡ ಭಾರತ ಎಂದು ಸಂಭ್ರಮಿಸಿದರು. ಕಾಠ್ಮಂಡು, ಢಾಕಾಗಳಿಂದ ಪ್ರಶ್ನೆಗಳು ಬಂದವು. ಅದು ಅಶೋಕನ ಸಾಮ್ರಾಜ್ಯದ ಹರವು ಮಾತ್ರ ಎಂದು ವಿದೇಶಾಂಗ ಸಚಿವಾಲಯ ಸಮಜಾಯಿಷಿ ಕೊಡಬೇಕಾಯಿತು. ಅದಾದ ಮೇಲೂ ಕಾಠ್ಮಂಡುವಿನ ಮೇಯರ್ ತಮ್ಮ ಕಚೇರಿಯಲ್ಲಿ ‘ಬೃಹತ್ ನೇಪಾಳ’ದ ನಕ್ಷೆ ತೂಗುಹಾಕಿದರು! ರಷ್ಯಾ ಅದೇ ವರ್ಷದ ಮಾರ್ಚಿನಲ್ಲಿ ತನ್ನ ವಿದೇಶಾಂಗ ನೀತಿಯ ಅಧಿಕೃತ ದಾಖಲೆಯಲ್ಲೇ ತನ್ನನ್ನು ‘ನಾಗರಿಕತಾ ರಾಷ್ಟ್ರ’ ಎಂದು ಕರೆದುಕೊಂಡಿತು. ಅದರ ನೆರೆಮನೆಯಲ್ಲಿ ಆಗ ಏನು ನಡೆಯುತ್ತಿತ್ತು ಎಂಬುದನ್ನು ಬರೆಯಬೇಕಾಗಿಲ್ಲ.

ಅಶೋಕನ ಹೆಸರು ಬಂದದ್ದು ಒಳ್ಳೆಯದೇ ಆಯಿತು. ನಿಮ್ಮ ತವರು ತಾಲ್ಲೂಕು ಶಿರಸಿಯ ಬನವಾಸಿಗೆ ಅವನ ಕಾಲದ ಒಂದು ಸಂಬಂಧವಿದೆ. ಪಾಟಲಿಪುತ್ರದಲ್ಲಿ ನಡೆದ ಮೂರನೆಯ ಬೌದ್ಧ ಸಂಗೀತಿಯ (ಭಿಕ್ಷುಗಳ ಮಹಾಸಭೆಯ) ನಂತರ ಎಲ್ಲೆಲ್ಲಿಗೆ ಯಾವ ಭಿಕ್ಷುಗಳನ್ನು ಕಳಿಸಲಾಯಿತು ಎಂಬ ಪಟ್ಟಿಯನ್ನು ಶ್ರೀಲಂಕಾದ ಹಳೆಯ ಇತಿಹಾಸ ಗ್ರಂಥ ಮಹಾವಂಸ ಕೊಡುತ್ತದೆ. ಮಹಿಂದ ಲಂಕೆಗೆ, ಸೋಣ ಮತ್ತು ಉತ್ತರರು ಸುವರ್ಣಭೂಮಿಗೆ, ರಕ್ಖಿತ ವನವಾಸಕ್ಕೆ. ವನವಾಸವೆಂದರೆ ನಮ್ಮ ಬನವಾಸಿ ಸೀಮೆ ಎಂದೇ ವಿದ್ವಾಂಸರು ಗುರುತಿಸುತ್ತಾರೆ. ಈ ಪಟ್ಟಿಯನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಕದಂಬರ ರಾಜಧಾನಿ, ಮುಂದೆ ಕಾರವಾರದ ನೌಕಾನೆಲೆ ‘ಐಎನ್‌ಎಸ್ ಕದಂಬ’ಕ್ಕೆ ತನ್ನ ವಂಶದ ಹೆಸರು ಕೊಟ್ಟ ಊರು, ಇಲ್ಲಿ ಕಳಿಸುವವರ ಸಾಲಿನಲ್ಲಿಲ್ಲ. ಲಂಕೆಯ ಪಕ್ಕದಲ್ಲಿ, ಬರಮಾಡಿಕೊಳ್ಳುವವರ ಸಾಲಿನಲ್ಲಿದೆ. ಪಾಟಲಿಪುತ್ರಕ್ಕೆ ನಾವೂ ಲಂಕೆಯಷ್ಟೇ ದೂರದವರು. ಮುಂದೆ ಅನುರಾಧಪುರದ ಮಹಾಸ್ತೂಪಕ್ಕೆ ಅಡಿಗಲ್ಲು ಹಾಕುವಾಗ ವನವಾಸದಿಂದ ಚಂದಗುತ್ತನೆಂಬ ಥೇರ (ಹಿರಿಯ ಭಿಕ್ಷು) ಎಂಬತ್ತು ಸಾವಿರ ಭಿಕ್ಷುಗಳೊಡನೆ ಬಂದನೆಂದು ಅದೇ ಗ್ರಂಥ ಹೇಳುತ್ತದೆ. ಎಂಬತ್ತು ಸಾವಿರ ಪುರಾಣದ ಲೆಕ್ಕವಿರಬಹುದು, ಬಿಡಿ. ಕೊಲಂಬೊದವರ ಎದುರು ಕುಳಿತಾಗ ‘ನಾವು ನಿಮಗೆ ಧರ್ಮ ಕೊಟ್ಟೆವು’ ಎನ್ನುವುದಕ್ಕೂ ‘ನಿಮಗೂ ನಮಗೂ ಒಂದೇ ಕಾಲದಲ್ಲಿ ಅದು ಬಂತು, ನಿಮ್ಮ ಸ್ತೂಪದ ಕೆಲಸಕ್ಕೆ ನಮ್ಮೂರಿನವರು ಬಂದಿದ್ದರು’ ಎನ್ನುವುದಕ್ಕೂ ಎಷ್ಟು ಅಂತರವಿದೆ ನೋಡಿ. ಎರಡನೆಯ ಮಾತನ್ನು ಹೇಳುವ ಅಧಿಕಾರ ದೆಹಲಿಗಿಂತ ಹೆಚ್ಚಾಗಿ ನಿಮಗಿದೆ.

ನಿಮ್ಮ ಕ್ಷೇತ್ರದಲ್ಲಿ ಹೀಗೆ ಬಂದು ಸೇರಿದ್ದೇ ಹೆಚ್ಚು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಭಟ್ಕಳದ ನವಾಯತ ಮುಸ್ಲಿಮರ ಪೂರ್ವಿಕರು ಅರಬ್ಬೀ ಕಡಲಿನ ಆಚೆಯಿಂದ ಬಂದವರು. ಇಂದು ಮಸ್ಕತ್, ದುಬೈಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ಅದೇ ಹಳೆಯ ದಾರಿಯನ್ನು ಹಿಡಿದವರು. ಕೌಂಡಿನ್ಯ ಹಡಗು ಒಮಾನಿಗೆ ಹೋದಾಗ ಈ ಮಾತನ್ನು ಯಾರಾದರೂ ಆಡಬಹುದೆಂದು ಕಾದೆ. ನನ್ನ ಕಿವಿಗೆ ಬೀಳಲಿಲ್ಲ.

ಇನ್ನು ಮುಂಡಗೋಡ. 1954ರ ಏಪ್ರಿಲ್ 29ರಂದು ಚೀನಾದೊಡನೆ ನಾವು ಮಾಡಿಕೊಂಡ ಒಪ್ಪಂದದ ತತ್ತ್ವಗಳಿಗೆ ಪಂಚಶೀಲವೆಂದು ಬೌದ್ಧರ ಹೆಸರಿಟ್ಟೆವು. ಅದೇ ಒಪ್ಪಂದದ ಶೀರ್ಷಿಕೆಯಲ್ಲಿ ಟಿಬೆಟ್ಟನ್ನು ಚೀನಾದ ಪ್ರದೇಶವೆಂದು ಬರೆದುಕೊಟ್ಟೆವು. ಐದು ವರ್ಷಗಳಲ್ಲಿ ದಲೈ ಲಾಮಾ ಗಡಿ ದಾಟಿ ಬಂದರು. 1966ರಿಂದ ಅವರ ಜನ ಮುಂಡಗೋಡಿನಲ್ಲಿ ಕಾಡು ಕಡಿದು ಹೊಲ ಮಾಡಿದರು; ಡ್ರೆಪುಂಗ್, ಗಾಂಡೆನ್ ಮಠಗಳನ್ನು ಮತ್ತೆ ಕಟ್ಟಿದರು. ಹಳೆಯ ಸಂಸ್ಕೃತದ ಪದವೊಂದು ಗಡಿಯನ್ನು ಕಾಯುವುದಿಲ್ಲ ಎಂಬುದನ್ನು ಆ ಮಠಗಳ ಗಂಟೆಯ ಸದ್ದು ಕೇಳುವ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಶ್ರಯ ಕೊಟ್ಟ ನೆಲವೇ ನಮ್ಮ ನಾಗರಿಕತೆಯ ಪುರಾವೆ. ವೇದಿಕೆಗಳಲ್ಲಿ ಅದನ್ನೇ ನಾವು ಪಿಸುದನಿಯಲ್ಲಿ ಹೇಳುತ್ತೇವೆ.

ನಿಮ್ಮಲ್ಲಿ ಎರಡು ಕೋರಿಕೆಗಳಿವೆ. ವಿದೇಶಾಂಗ ಸಚಿವಾಲಯದ ಅನುದಾನದ ಚರ್ಚೆ ಲೋಕಸಭೆಗೆ ಬಂದಾಗ ಬನವಾಸಿಯ ಮಾತನ್ನು ಎತ್ತಿ. ಲಂಕೆಯೊಡನೆ ಜಂಟಿಯಾಗಿ ಏನಾದರೂ ಮಾಡಲು ಅದಕ್ಕಿಂತ ಹಳೆಯ ನೆಪ ಸಿಗಲಾರದು.

ಎರಡನೆಯದು ಸಣ್ಣದು, ನನಗೆ ಹೆಚ್ಚು ಇಷ್ಟವಾದದ್ದು. ಸುನಯನಾ ಹತ್ತಿದ ನಾವಿಕರಲ್ಲಿ ಮೊಜಾಂಬಿಕ್, ತಾಂಜಾನಿಯಾ, ಕೀನ್ಯಾದವರಿದ್ದರು. ಕಾರವಾರದಿಂದ ಕೆಲವು ಗಂಟೆಗಳ ದಾರಿಯಲ್ಲಿ, ಯಲ್ಲಾಪುರ ಹಳಿಯಾಳಗಳ ಕಾಡಿನಲ್ಲಿ, ಪೋರ್ಚುಗೀಸರು ಮತ್ತು ಅರಬರ ಹಡಗುಗಳಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಡಮಾಮಿ ಎಂಬ ಅವರ ಚರ್ಮವಾದ್ಯ ಇನ್ನೂ ಅವರ ಕೈಯಲ್ಲಿದೆ. ಅವರ ಪೂರ್ವಿಕರು ಇಷ್ಟಪಟ್ಟು ಬಂದವರಲ್ಲ. ಹಿಂದೂ ಮಹಾಸಾಗರದ ಕಥೆಯಲ್ಲಿ ಮಸಾಲೆ, ಹಾಯಿ, ಮದುವೆಗಳ ಜೊತೆ ಅದೂ ಇದೆ, ಅದನ್ನೂ ಹೇಳಬೇಕು. ಮುಂದಿನ ಸಲ ಆ ದೇಶಗಳ ನಾವಿಕರು ಕಾರವಾರಕ್ಕೆ ಬಂದಾಗ ಒಂದು ದಿನ ಬಸ್ಸಿನಲ್ಲಿ ಕೂರಿಸಿ ಯಲ್ಲಾಪುರಕ್ಕೆ ಕಳಿಸಿ. ಊಟದ ಏರ್ಪಾಡನ್ನು ಸಿದ್ದಿಗಳಿಗೇ ವಹಿಸಿ. ಭಾಷಣಕ್ಕೆ ಯಾರನ್ನೂ ಕರೆಯುವುದು ಬೇಡ.

ಮಳೆಗಾಲದಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಅರಬೈಲ್ ಘಟ್ಟದ ರಸ್ತೆಯ ಸಂಗತಿ ನಿಮಗೆ ಗೊತ್ತೇ ಇದೆ.

ಇತಿ,
ನಿಮ್ಮ ಕ್ಷೇತ್ರದ ಮತದಾರ,
ಕೋಡಿಬಾಗ, ಕಾರವಾರ