ಶಿಕ್ಷಕ ಬಳಗದ ಸದಸ್ಯರಿಗೆ ಸೂಚನೆ

ಮಿಷನ್ ಶಾಲೆಗಳಲ್ಲಿ ಪಾಠ ಮಾಡುತ್ತಿರುವ ಆತ್ಮೀಯರೇ,

ಈ ಶನಿವಾರದಿಂದ ಪ್ರಾರ್ಥನಾ ವಿನಂತಿಗಳ ಜೊತೆಗೆ, ಆ ವಾರ ತರಗತಿಯಲ್ಲಿ ಕಂಡ ಒಂದು ಸಂತೋಷವನ್ನೂ ಎಲ್ಲರೂ ಬರೆಯಬೇಕೆಂದು ಕೋರುತ್ತೇನೆ. ನಿನ್ನೆ ಒಂದನೇ ತರಗತಿಯ ಹುಡುಗಿಯೊಬ್ಬಳು, ಮೂರು ವಾರಗಳಿಂದ ಹಿಂದುಮುಂದಾಗಿ ಬರೆಯುತ್ತಿದ್ದ ‘ಳ’ ಅಕ್ಷರವನ್ನು ಸರಿಯಾಗಿ ಬರೆದು, ಬಳಪದ ಪುಡಿ ಮೆತ್ತಿದ ಕೈಯಿಂದಲೇ ನನ್ನ ಸೆರಗು ಹಿಡಿದೆಳೆದು ಪಾಟಿ ತೋರಿಸಿದಳು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಬೇಡಿಕೊಂಡಿದ್ದಕ್ಕೆ ಉತ್ತರ ನನಗೆ ಅಲ್ಲೇ ಸಿಕ್ಕಿತು. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷ ಅವರನ್ನು ನಡೆಸಿದ್ದು ಒಂದೊಂದು ಪದ ಕೈಗೆ ಸಿಕ್ಕಾಗಿನ ಇಂಥದ್ದೇ ಹಿಗ್ಗು ಎಂದು ನಾನು ಮನಸಾರೆ ನಂಬುತ್ತೇನೆ.

ಎರಡು ಸಾಲಾದರೂ ಸಾಕು, ಧ್ವನಿ ಸಂದೇಶವಾದರೂ ಸರಿ. ಮಕ್ಕಳ ಹೆಸರು ಮತ್ತು ಭಾವಚಿತ್ರಗಳನ್ನು ದಯವಿಟ್ಟು ಹಾಕಬೇಡಿ. ರಾತ್ರಿ ಒಂಬತ್ತರೊಳಗೆ ಕಳುಹಿಸಿ.