ಮೈಕೈ ನೋವಿನ ವೇಷದಲ್ಲಿ ಬರುವ ಖಿನ್ನತೆ

ಮಾನ್ಯ ಸಂಪಾದಕರೇ,

ಖಿನ್ನತೆ ಇದ್ದವರು ಮೂಲೆ ಹಿಡಿದು ಅಳುತ್ತಿರುತ್ತಾರೆ ಎಂದೇ ಬಹಳ ಜನ ನಂಬಿದ್ದಾರೆ. ಆದರೆ ತಾಲ್ಲೂಕು ಆಸ್ಪತ್ರೆಗೆ ಅವರು ಬರುವುದು ತಲೆಭಾರ, ಅಂಗಾಲು ಉರಿ, ಗ್ಯಾಸ್, ಬೆನ್ನುನೋವು, ಸುಸ್ತು ಎಂದುಕೊಂಡು. ರಕ್ತಪರೀಕ್ಷೆ, ಇಸಿಜಿ, ಎಂಡೋಸ್ಕೋಪಿ ಎಲ್ಲ ಮುಗಿದ ಮೇಲೆ ‘ನಾರ್ಮಲ್’ ಎಂಬ ವರದಿ ಕೈಗೆ ಬರುತ್ತದೆ. ಜೊತೆಗೊಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್, ನಿದ್ದೆಗೆಂದು ಆಲ್ಪ್ರಜೋಲಮ್. ನಿದ್ದೆ ಬರುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಆ ಮಾತ್ರೆಯಿಲ್ಲದೆ ಕಣ್ಣು ಮುಚ್ಚದಂತಾಗುತ್ತದೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಮೊದಲು ನಿದ್ದೆಯ ವಿಚಾರ ಬಿಡಿಸಿ ಕೇಳಬೇಕು. ನಸುಕಿನ ಮೂರಕ್ಕೇ ಎಚ್ಚರವಾಗಿ ಮತ್ತೆ ಕಣ್ಣು ಹತ್ತುವುದಿಲ್ಲ, ಬೆಳಗ್ಗೆ ಏಳುವುದೇ ಬೇಡ ಎನ್ನಿಸುತ್ತದೆ, ಸಂಜೆಗೆ ತುಸು ವಾಸಿ ಎಂದರೆ ಅನುಮಾನಿಸಿ. ಆಡಿಸುತ್ತಿದ್ದ ಮೊಮ್ಮಗುವೂ ಬೇಡ, ಊಟ ಸೇರದು, ರವಿಕೆ ಸಡಿಲವಾಗಿದೆ, ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲ. ಗಂಡಸರಲ್ಲಿ ಇದು ಸಿಡುಕಾಗಿ, ಹೆಚ್ಚಿದ ಕುಡಿತವಾಗಿ ಕಾಣಿಸುತ್ತದೆ. ವೃದ್ಧರಲ್ಲಿ ಮರೆವು ಮುಂದಾಗುವುದರಿಂದ ‘ವಯಸ್ಸಾಯ್ತು’ ಎಂದು ಕೈಬಿಡುತ್ತಾರೆ. ಮಗು ಮಲಗಿದರೂ ಬಾಣಂತಿಗೆ ನಿದ್ದೆ ಬರುತ್ತಿಲ್ಲವೆಂದರೆ ಅದನ್ನು ಬರೀ ಆಯಾಸವೆಂದು ತಳ್ಳಿಹಾಕಬಾರದು.

ಕೇಳಬೇಕಾದ ಪ್ರಶ್ನೆ ಎರಡೇ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿದಂತೆ ಇತ್ತೇ? ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದೆ ಹೋಯಿತೇ? ಒಂದಕ್ಕೆ ಹೌದೆಂದರೂ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ತುಂಬಿಸಬೇಕು. ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಕೂರಿಸಿಕೊಂಡು ಮಾತಾಡಲೇಬೇಕು. ಅಂಕ ನೋಡಿಯೇ ಖಿನ್ನತೆ ಎಂದು ಷರಾ ಬರೆಯುವುದೂ ತಪ್ಪು. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ-12 ಕೊರತೆಗಳಲ್ಲೂ ಹೀಗೇ ಇರುತ್ತದೆ, ಅವನ್ನೂ ಪರೀಕ್ಷಿಸಬೇಕು.

ಎಲ್ಲರೂ ಹಿಂಜರಿಯುವುದು ಒಂಬತ್ತನೆಯ ಪ್ರಶ್ನೆಗೆ. ‘ಅಕ್ಕಾ, ಸಾಯಬೇಕು ಅಂತ ಯೋಚನೆ ಬಂದಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ಬೇರೆಡೆಗೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ನಿನಗೇನು ಕಮ್ಮಿ ಮಾಡಿದ್ದೀವಿ?’ ಎಂಬ ಮಾತೊಂದು ಬಿದ್ದರೆ ಮುಗಿಯಿತು, ಆಮೇಲೆ ಅವರು ಬಾಯಿಯೇ ಬಿಡುವುದಿಲ್ಲ.

ಚಿಕಿತ್ಸೆ ಕೆಡುವುದು ಸಾಮಾನ್ಯವಾಗಿ ಮೊದಲ ವಾರದಲ್ಲಿ. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್‌ನಂಥ ಮಾತ್ರೆ ಶುರುವಾದಾಗ ವಾಕರಿಕೆ, ಹೊಟ್ಟೆ ತೊಳಸುವುದು, ತುಸು ಚಡಪಡಿಕೆ ಇರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕೇ ದಿನಕ್ಕೆ ‘ಈ ಮಾತ್ರೆ ನಮಗೆ ಆಗಿಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಚಡಪಡಿಕೆ ಹೆಚ್ಚಾದರೆ, ಸಾಯುವ ಮಾತು ಬಂದರೆ ಮಾತ್ರ ಕಾಯದೆ ವೈದ್ಯರಿಗೆ ತಿಳಿಸಬೇಕು. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಆಲ್ಪ್ರಜೋಲಮ್ ಚಟ ಹಿಡಿಸಬಹುದು, ಈ ಮಾತ್ರೆ ಹಾಗಲ್ಲ. ಸೌಮ್ಯ ಖಿನ್ನತೆಗೆ ಹಲವರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಹರಕೆ, ಪೂಜೆ ಬಿಡಿ ಎಂದು ನಾವ್ಯಾರೂ ಹೇಳುವುದಿಲ್ಲ. ಅದೂ ಇರಲಿ, ಮಾತ್ರೆಯೂ ಇರಲಿ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಕೆಲಸ. ಹಾಗಿದ್ದೂ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ ಎಂಬುದು ನಮ್ಮ ಹಳ್ಳಿಗಳಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೊಂದು, ಮನಸ್ಸಿನ ಕಾಯಿಲೆಗೊಂದು ನಿಯಮ ಮಾಡುವಂತಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಲಸಿಕೆಯ ದಿನ ಬರೆದಿರುತ್ತಾರೆ. ಅದರ ಪಕ್ಕದಲ್ಲೇ ಮನೋವೈದ್ಯರು ಸಿಗುವ ದಿನ ಮತ್ತು 14416 ಎಂದು ಆರೋಗ್ಯ ಇಲಾಖೆ ಬರೆಸಲಿ. ಆಶಾ ಕಾರ್ಯಕರ್ತೆಯರಿಗೆ ಮೇಲಿನ ಎರಡು ಪ್ರಶ್ನೆ ಕಲಿಸಲಿ. ಖಿನ್ನತೆಯ ಮಾತ್ರೆಯ ದಾಸ್ತಾನು ತಿಂಗಳ ನಡುವೆ ಖಾಲಿಯಾಗದಂತೆಯೂ ನೋಡಿಕೊಳ್ಳಲಿ.

– ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಚಿತ್ರದುರ್ಗ